ಗೋಣಿ ಕಳೆಯದ ತೂಕ

ಔಸೇಪನ ಲ್ಯಾಪ್‌ಟಾಪಿನ ಅಡಿಯಲ್ಲಿ ಯಾವಾಗಲೂ ಒಂದು ರಬ್ಬರ್ ಶೀಟ್ ಇರುತ್ತಿತ್ತು. ಹೊಗೆಗೂಡಿನಲ್ಲಿ ಒಣಗಿ ಜೇನಿನ ಬಣ್ಣಕ್ಕೆ ತಿರುಗಿದ, ಅವನದೇ ತೋಟದ ಶೀಟ್. ಮೇಜು ಎಷ್ಟು ಅಲುಗಾಡಿದರೂ ಲ್ಯಾಪ್‌ಟಾಪ್ ಜಾರುವುದಿಲ್ಲ ಎಂಬುದು ಅವನ ವಾದ. ವಾಸನೆಯ ಬಗ್ಗೆ ಅವನು ವಾದಿಸುತ್ತಿರಲಿಲ್ಲ, ಏಕೆಂದರೆ ಅದಕ್ಕೆ ವಾಸನೆ ಉಂಟೆಂದೇ ಅವನಿಗೆ ಗೊತ್ತಿರಲಿಲ್ಲ. ಹಗ್ಗಜಗ್ಗಾಟದ ಮೈದಾನಗಳಲ್ಲಿ ನಾನು ಮೈಕ್ ಹಿಡಿದು, ಅವನು ಲ್ಯಾಪ್‌ಟಾಪ್ ತೆರೆದು ಒಂದೇ ಮೇಜಿನಲ್ಲಿ ಕೂರುತ್ತಿದ್ದೆವು. ನನ್ನ ಶರ್ಟುಗಳಿಗೆಲ್ಲ ಆ ವಾಸನೆ ಹಿಡಿದಿತ್ತು. ಅವನು ತೀರಿಕೊಂಡ ಮೇಲೆ ಒಂದು ಶರ್ಟನ್ನು ಒಗೆಯಲು ಹಾಕದೆ ಇಟ್ಟಿದ್ದೇನೆ.

ಇಚಿಲಂಪಾಡಿಯವರಿಗೆ ಅವನು ಅಡಿಕೆ, ರಬ್ಬರ್ ಖರೀದಿ ಮಾಡುವ ಔಸೇಪಣ್ಣ. ಪುತ್ತೂರು, ಸುಳ್ಯ, ಕಡಬದ ಹಗ್ಗ ಎಳೆಯುವವರಿಗೆ ಮಾತ್ರ ತೂಕದ ಔಸೇಪಣ್ಣ. ಅಜ್ಜ ಕೇರಳದಿಂದ ಬಂದು ಗುಡ್ಡೆ ಕಡಿದು ತೋಟ ಮಾಡಿದವರು. ಮೊಮ್ಮಗನಿಗೆ ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದಾಗ ಮೂರೂ.

ಪ್ರಾಯದಲ್ಲಿ ಅವನು ಹಗ್ಗದ ಕೊನೆಯಲ್ಲಿ ನಿಲ್ಲುತ್ತಿದ್ದ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು, ಹಿಮ್ಮಡಿಯನ್ನು ಮಣ್ಣಿಗೆ ಊರಿ, ಆಕಾಶ ನೋಡುತ್ತ ಹಿಂದಕ್ಕೆ ವಾಲುವವನು. ನೆಲ್ಯಾಡಿಯ ಒಂದು ಪಂದ್ಯದಲ್ಲಿ ಎದುರಿನವರು ಸುಸ್ತಾಗಿ ಹಗ್ಗವನ್ನೇ ಬಿಟ್ಟುಬಿಟ್ಟರು. ಇವನ ತಂಡ ಒಬ್ಬರ ಮೇಲೊಬ್ಬರು ಬಿದ್ದಿತು. ಕೊನೆಯಲ್ಲಿದ್ದ ಔಸೇಪ ಉರುಳಿಕೊಂಡು ಹೋಗಿ ಅನಾನಸು ಹೋಳು ಮಾರುತ್ತಿದ್ದ ಲಾಲಿಯ ಬುಟ್ಟಿಗೆ ಗುದ್ದಿದ. ಮುಂದಿನ ವರ್ಷ ಅವರ ಮದುವೆಯಾಯಿತು. ಈ ಕತೆಯನ್ನು ಅವನು ಬಹಳ ಅಲಂಕಾರ ಮಾಡಿ ಹೇಳುತ್ತಿದ್ದ. ಲಾಲಿಯದು ಒಂದೇ ವಾಕ್ಯ: "ಬಂದು ಬಿದ್ದದ್ದು ಅವರು, ಎತ್ತಿದ್ದು ನಾನು. ಈಗಲೂ ಅದೇ ನಡೀತಾ ಉಂಟು."

ನಡುಪ್ರಾಯದಲ್ಲಿ ಹೃದಯ ತಕರಾರು ಮಾಡಿತು. ಇನ್ನು ಹಗ್ಗ ಮುಟ್ಟಬಾರದೆಂದು ಪುತ್ತೂರಿನ ಡಾಕ್ಟರು ಹೇಳಿದಾಗ ನಾನೂ ಜೊತೆಯಲ್ಲಿದ್ದೆ. ಔಸೇಪ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದ.

"ಮುಟ್ಟುದಿಲ್ಲ ಡಾಕ್ಟ್ರೆ. ಹತ್ತಿರ ಕೂರಬಹುದಾ?"

"ಎಷ್ಟು ಹತ್ತಿರ?"

"ಹಗ್ಗ ಕಾಣುವಷ್ಟು."

"ಕೂತುಕೊಳ್ಳಿ," ಎಂದರು ಡಾಕ್ಟರು. ಆ ಒಂದು ಅನುಮತಿಯಿಂದಲೇ ಅವನಿಗೆ ತೂಕದ ಮೇಜು ಸಿಕ್ಕಿದ್ದು.

ನೋಡದವರಿಗೆ ಈ ಮೇಜಿನ ಮಹತ್ವ ಹೇಳಬೇಕು. ನಮ್ಮ ಕಡೆಯ ಪಂದ್ಯಗಳಲ್ಲಿ ಅರ್ಧ ಜಗ್ಗಾಟ ಹಗ್ಗಕ್ಕೆ ಮೊದಲೇ ಮುಗಿದಿರುತ್ತದೆ. ತಂಡದ ಎಂಟು ಜನರ ಒಟ್ಟು ತೂಕ ಐನೂರ ಇಪ್ಪತ್ತು ಕೆ.ಜಿ. ಮೀರಬಾರದು. ಮೀರಿದರೆ ದಪ್ಪದವನನ್ನು ಬಿಟ್ಟು ತೆಳ್ಳಗಿನವನನ್ನು ತರಬೇಕು. ಹಾಗಾಗಿ ಪಂದ್ಯದ ದಿನ ನೀರು ಮುಟ್ಟದವರು, ಜಾಕೆಟ್ ಹಾಕಿಕೊಂಡು ಬಿಸಿಲಿನಲ್ಲಿ ಮೈದಾನ ಸುತ್ತುವವರು, ಕೊರಳ ಸರ, ಉಂಗುರ, ಕೊನೆಗೆ ಸೊಂಟದ ನೂಲನ್ನೂ ಬಿಚ್ಚಿ ಗೆಳೆಯನ ಕೈಗೆ ಕೊಡುವವರು ಕಾಣಸಿಗುತ್ತಾರೆ. ತೂಕದ ಮೆಷಿನ್ ಔಸೇಪನ ಅಂಗಡಿಯದೇ; ವಾರವಿಡೀ ಅಡಿಕೆ ಚೀಲ ತೂಗಿದ್ದರ ಮೇಲೆ ಭಾನುವಾರ ಗಂಡಸರು ಹತ್ತಿ ನಿಲ್ಲುತ್ತಿದ್ದರು. ತೂಕವಾದವರ ಮುಂಗೈಗೆ ಅಂಗಡಿಯ ಮೊಹರು. ಗೆದ್ದ ತಂಡದವರು ಟ್ರೋಫಿ ಎತ್ತಿದ ಫೋಟೋಗಳಲ್ಲೆಲ್ಲ 'ಅಡಿಕೆ ಮತ್ತು ರಬ್ಬರ್ ಖರೀದಿದಾರರು' ಎಂಬ ನೀಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ.

ಪುತ್ತೂರು ಕಡೆಯ ತಂಡದ ನಾಯಕ ಆಶಿಕ್ ಮೆಷಿನ್ ಹತ್ತಿದರೆ ಔಸೇಪನಿಗೆ ಎಲ್ಲಿಲ್ಲದ ಹುರುಪು.

"ಎಂತ ಆಶಿಕ್, ಮದುವೆ ಊಟ ಮುಗಿಸಿ ಬಂದದ್ದಾ?"

"ಇಲ್ಲ ಔಸೇಪಣ್ಣ, ನಿನ್ನೆಯಿಂದ ಬರೀ ಗಂಜಿತಿಳಿ."

"ಗಂಜಿತಿಳಿಗೆ ಕೋಳಿ ಬಿದ್ದಿತ್ತಾ ಹಾಗಾದರೆ? ಇಳಿ, ಇನ್ನೊಂದು ಸುತ್ತು ಓಡಿ ಬಾ."

ಮೊದಲು ಇದೆಲ್ಲ ಕಾಗದದ ಮೇಲೆ ನಡೆಯುತ್ತಿತ್ತು. ಆಮೇಲೆ ಮಗಳು ಜಿಂಸಿ ಕಾಲೇಜು ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪ್ ಅವನ ಕೈಗೆ ಬಂತು. ಅದು ಅಂಗಡಿಯ ಲೆಕ್ಕಕ್ಕೂ ಮೈದಾನದ ತೂಕಕ್ಕೂ ಆಗುತ್ತಿತ್ತು. ಚೆನ್ನಾಗಿಯೇ ನಡೆಯುತ್ತಿದ್ದಾಗ, ಈ ವಿಂಡೋಸಿಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ ಎಂದು ಪರದೆ ದಿನವೂ ಹೇಳತೊಡಗಿತು. ನೆಲ್ಯಾಡಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ಜಿಂಸಿ ಹೊಸತು ತೆಗೆದುಕೊಡುತ್ತೇನೆಂದಳು. ಹಲ್ಲು ಅಲುಗಾಡಿದ ಕೂಡಲೇ ಕೀಳುವವರ ಮಾತು ಕೇಳಬಾರದೆಂದು ಹೇಳಿ ಅವನು ಲ್ಯಾಪ್‌ಟಾಪನ್ನು ರಬ್ಬರ್ ಶೀಟಿನಲ್ಲೇ ಸುತ್ತಿಕೊಂಡು ಪುತ್ತೂರಿನ ಬಸ್ಸು ಹತ್ತಿದ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರವೂಫ್ ನನ್ನ ಹಳೆಯ ವಿದ್ಯಾರ್ಥಿಯಾದ್ದರಿಂದ ನಾನೂ ಹೋದೆ.

ರವೂಫ್ ಮೂಗು ಮುಚ್ಚಿಕೊಂಡೇ ಲ್ಯಾಪ್‌ಟಾಪ್ ಬಿಚ್ಚಿದ. "ಔಸೇಪಣ್ಣ, ಇದರ ಆಯುಸ್ಸು ಮುಗಿಲಿಲ್ಲ. ಹೊಸ ವಿಂಡೋಸ್ ಇದನ್ನು ಒಪ್ಪುದಿಲ್ಲ, ಅಷ್ಟೇ."

"ಒಪ್ಪದಿದ್ದರೆ ಬೇರೆ ಸಂಬಂಧ ನೋಡುವ."

"ಲಿನಕ್ಸ್ ಅಂತ ಉಂಟು. ಹಳೆ ಮೆಷಿನಿಗೆ ಹಗುರ."

"ಯಾರದ್ದು ಅದು?"

"ಯಾರೊಬ್ಬರದ್ದೂ ಅಲ್ಲ. ಲೋಕದ ಜನ ಸೇರಿ ಮಾಡಿದ್ದು. ಯಾರು ಬೇಕಾದರೂ ಹಾಕಿಕೊಳ್ಳಬಹುದು."

"ನಮ್ಮ ಇಗರ್ಜಿಯ ಬಾವಿ ಹಾಗೆ," ಎಂದು ಔಸೇಪ ಕೂಡಲೇ ಒಪ್ಪಿಕೊಂಡ.

ಲಿನಕ್ಸ್ ಬಂದ ಮೇಲೆ ಲ್ಯಾಪ್‌ಟಾಪ್ ಚುರುಕಾಯಿತು. ಎಕ್ಸೆಲಿನ ಜಾಗದಲ್ಲಿ ಲಿಬ್ರೆ ಆಫೀಸ್ ಎಂಬುದಿತ್ತು. ಅವನ ಅಂಗಡಿಯ ಲೆಕ್ಕದ ಶೀಟುಗಳೆಲ್ಲ ಅದರಲ್ಲಿ ತೆರೆದುಕೊಂಡವು. ಅವನು ಸಿಕ್ಕಿದವರಿಗೆಲ್ಲ ಲಿನಕ್ಸಿನ ಪ್ರಚಾರ ಶುರುಮಾಡಿದ. ರಬ್ಬರ್ ಹಾಲಿನ ಬಕೆಟ್ ಹಿಡಿದು ನಿಂತವರಿಗೂ ಬಿಡುಗಡೆ ಇರಲಿಲ್ಲ. ಪಾದ್ರಿಗಳಿಗೆ ಅವನು ತನ್ನ ಪಾಪಗಳಿಗಿಂತ ಹೆಚ್ಚು ಲಿನಕ್ಸಿನ ವಿಷಯ ಹೇಳಿದ್ದಾನೆಂದು ಲಾಲಿಯ ಅನುಮಾನ.

ಅಷ್ಟರಲ್ಲಿ ಮೂರು ತಾಲೂಕಿನ ಹಗ್ಗಜಗ್ಗಾಟ ಕೂಟಕ್ಕೆ ರೂಪೇಶ್ ಕಾರ್ಯದರ್ಶಿಯಾದ. ಸುಳ್ಯದಲ್ಲಿ ಪೈಂಟಿನ ಅಂಗಡಿ ಇಟ್ಟುಕೊಂಡಿರುವ, ಅಚ್ಚುಕಟ್ಟಿನ ಮನುಷ್ಯ. ಒಬ್ಬನೇ ಎಳೆಗಾರ ಬೆಳಗ್ಗೆ ಒಂದು ತಂಡ, ಸಂಜೆ ಬೇರೆ ಊರಿನಲ್ಲಿ ಇನ್ನೊಂದು ತಂಡಕ್ಕೆ ಬೇರೆ ಹೆಸರಿನಲ್ಲಿ ಎಳೆಯುವುದನ್ನು ನಿಲ್ಲಿಸಬೇಕೆಂದು ಅವನ ಹಟ. ಅದಕ್ಕಾಗಿ ಎಲ್ಲ ಮೈದಾನಗಳಿಗೂ ಒಂದೇ ಎಕ್ಸೆಲ್ ಫೈಲ್ ಮಾಡಿ, ಇಂಟರ್‌ನೆಟ್ಟಿನಲ್ಲಿ ಎಲ್ಲರೂ ತೆರೆಯಬಹುದಾದ ಒನ್‌ಡ್ರೈವಿನಲ್ಲಿ ಹಾಕಿದ. ಎಲ್ಲಿ ತೂಕ ಬರೆದರೂ ಎಲ್ಲರಿಗೂ ಕಾಣಬೇಕು. ಆ ಫೈಲಿನಲ್ಲಿ ಒಂದು ಗುಂಡಿ: ಒತ್ತಿದರೆ ತಂಡದ ತೂಕ ಮಿತಿಯೊಳಗಿದ್ದರೆ ಹಸಿರು, ಮೀರಿದ್ದರೆ ಕೆಂಪು. ಈ ಫೈಲಿನಲ್ಲಿ ಕೆಲಸ ಮಾಡಲು ಆಗದವರು ತೂಕದ ಮೇಜು ಬಿಟ್ಟುಕೊಡಬೇಕೆಂದು ನಿರ್ಣಯವೂ ಆಯಿತು.

ಸುದ್ದಿ ತಿಳಿದ ದಿನ ಔಸೇಪ ಅಂಗಡಿಯಲ್ಲಿ ಅಡಿಕೆ ಆರಿಸುತ್ತ ಕೂತಿದ್ದ. "ಹಗ್ಗ ಬಿಟ್ಟಾಯಿತು ಮಾಷ್ಟ್ರೆ. ಇನ್ನು ಮೇಜೂ ಬಿಟ್ಟರೆ ನಾನು ಮೈದಾನಕ್ಕೆ ಹೋಗಿ ಎಂತ ಮಾಡುದು? ಚರುಮುರಿ ತಿಂದು ಬರುದಾ?" ಎಂದ. ತಮಾಷೆಯ ದನಿಯೇ. ಆದರೆ ಒಳ್ಳೆಯ ಅಡಿಕೆಯನ್ನೆಲ್ಲ ಹಾಳಾದ ಅಡಿಕೆಯ ರಾಶಿಗೆ ಹಾಕುತ್ತಿದ್ದ.

ಮತ್ತೆ ರವೂಫನ ಅಂಗಡಿ. ರವೂಫ್ ಮೊದಲು ಬ್ರೌಸರಿನಲ್ಲೇ ಎಕ್ಸೆಲ್ ತೆರೆದು ತೋರಿಸಿದ. ಚೆನ್ನಾಗಿತ್ತು, ಆದರೆ ಅದಕ್ಕೆ ಸದಾ ಇಂಟರ್‌ನೆಟ್ ಬೇಕು. ನಮ್ಮ ಮೈದಾನಗಳಲ್ಲಿ ಹೆಚ್ಚಿನವು ಗುಡ್ಡೆಯ ಬುಡದಲ್ಲಿ, ಫೋನಿಗೆ ರೇಂಜ್ ಇಲ್ಲ. ಆಮೇಲೆ ಲಿನಕ್ಸಿನ ಒಳಗೇ ಒಂದು ವಿಂಡೋಸ್ ಕೂರಿಸಿದ. ಲ್ಯಾಪ್‌ಟಾಪ್ ಬಿಸಿಯಾಗಿ ರುಬ್ಬುವ ಮಿಕ್ಸಿಯಂತೆ ಕೂಗಿತು.

"ಬೇಡ ಬೇಡ," ಎಂದ ಔಸೇಪ. "ಮನೆಯೊಳಗೆ ಇನ್ನೊಂದು ಮನೆ ಕಟ್ಟಿದ ಹಾಗಾಯಿತು. ಅತ್ತೆ ಬಂದು ಕೂತದ್ದು ಇದಕ್ಕಿಂತ ಹಗುರ."

ಕೊನೆಗೆ ಉಳಿದದ್ದು ಸಾದಾ ದಾರಿ. ಒನ್‌ಡ್ರೈವಿನ ಫೈಲುಗಳ ನಕಲು ಲ್ಯಾಪ್‌ಟಾಪಿನಲ್ಲೇ ಒಂದು ಫೋಲ್ಡರಿನಲ್ಲಿ ಇರುತ್ತದೆ. ರೇಂಜ್ ಇಲ್ಲದಾಗ ಅದರಲ್ಲಿ ಬರೆಯುವುದು. ರೇಂಜ್ ಇರುವಲ್ಲಿಗೆ ಬಂದು ಪರದೆಯಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಟೈಪ್ ಮಾಡಿದರೆ ಹೊಸತೆಲ್ಲ ಮೇಲೆ ಹೋಗುತ್ತದೆ, ಬೇರೆಯವರು ಬರೆದದ್ದು ಕೆಳಗೆ ಬರುತ್ತದೆ. ಆ ಸಾಲನ್ನು ಔಸೇಪ ಜಪದಂತೆ ಬಾಯಿಪಾಠ ಮಾಡಿದ: "ಒನ್‌ಡ್ರೈವ್, ಜಾಗ ಬಿಡು, ಎರಡು ಗೆರೆ, ಸಿಂಕ್." ಹಗ್ಗ ಎಳೆಯುವಾಗ ಹಾಕುವ ಕೂಗಿನ ಲಯ ಅದಕ್ಕೆ ತಾನಾಗಿ ಬಂದುಬಿಟ್ಟಿತ್ತು.

ಅವನ ಮನೆಯ ಸುತ್ತ ರೇಂಜ್ ಇರುವುದು ಒಂದೇ ಕಡೆ, ಇಗರ್ಜಿಯ ಹಿಂದಿನ ಗುಡ್ಡೆಯ ಮೇಲೆ, ಸಮಾಧಿಗಳಿರುವಲ್ಲಿ. ಅದರ ಸುತ್ತಿನ ಕೆಂಪುಕಲ್ಲಿನ ಪಾಗಾರದ ಮೇಲೆ ಸಂಜೆ ರಬ್ಬರ್ ಶೀಟ್ ಹಾಸಿ, ಲ್ಯಾಪ್‌ಟಾಪ್ ಇಟ್ಟು, ಜಪ ಮಾಡುತ್ತ ಆ ಸಾಲು ಟೈಪ್ ಮಾಡುತ್ತಿದ್ದ. ಇಡೀ ಊರಿನಲ್ಲಿ ಒಳ್ಳೆಯ ರೇಂಜ್ ಇರುವುದು ಫೋನ್ ಬೇಡದವರಿಗೆ ಎಂದು ನಗುತ್ತಿದ್ದ.

ಎಲ್ಲ ಸರಿಯಾಯಿತೆನ್ನುವಾಗ ಗುಂಡಿ ಕೈಕೊಟ್ಟಿತು. ಫೈಲ್ ತೆರೆಯುತ್ತಿತ್ತು, ತೂಕ ಬರೆಯಬಹುದಿತ್ತು. ಆದರೆ ರೂಪೇಶನ ಹಸಿರು-ಕೆಂಪಿನ ಗುಂಡಿ ಲಿಬ್ರೆ ಆಫೀಸಿನಲ್ಲಿ ಒತ್ತಿದರೆ ಸುಮ್ಮನೆ ಕೂರುತ್ತಿತ್ತು. ಈಶ್ವರಮಂಗಲದ ಪಂದ್ಯಕ್ಕೆ ಹೆಚ್ಚು ದಿನ ಇರಲಿಲ್ಲ. ಔಸೇಪ ರವೂಫನನ್ನು ಕೇಳಲಿಲ್ಲ, ನನಗೂ ಹೇಳಲಿಲ್ಲ. ಅಂಗಡಿಯಲ್ಲಿ ಅಡಿಕೆ ತೂಕಕ್ಕೆ ಬಳಸುತ್ತಿದ್ದ ತನ್ನದೇ ಲೆಕ್ಕದ ಶೀಟ್ ತೆರೆದ. ರೈತರ ಹೆಸರಿದ್ದಲ್ಲಿ ಎಳೆಗಾರರ ಹೆಸರು, ಚೀಲದ ತೂಕವಿದ್ದಲ್ಲಿ ಮನುಷ್ಯರ ತೂಕ. ಒಟ್ಟು ಮೊತ್ತ ತಾನಾಗಿ ಬರುತ್ತದೆ. ಮೈದಾನದಲ್ಲಿ ಇದರಲ್ಲಿ ಬರೆದು, ಸಂಜೆ ಕೂಟದ ಫೈಲಿಗೆ ತುಂಬಿಸಿದರಾಯಿತು ಎಂದು ಅವನ ಯೋಚನೆ.

ಈಶ್ವರಮಂಗಲದಲ್ಲಿ ಆ ದಿನ ಒಂದು ಆಶ್ಚರ್ಯ ನಡೆಯಿತು. ಬಂದ ತಂಡಗಳೆಲ್ಲ ತೂಕದಲ್ಲಿ ಪಾಸಾದವು. ಯಾರೂ ಜಾಕೆಟ್ ಹಾಕಿ ಓಡಬೇಕಾಗಲಿಲ್ಲ.

"ನೋಡಿ ಮಾಷ್ಟ್ರೆ, ಹುಡುಗರಿಗೆ ಶಿಸ್ತು ಬಂದಿದೆ," ಎಂದು ಔಸೇಪ ಹೆಮ್ಮೆಪಟ್ಟ. ನಾನು ಅದನ್ನೇ ಮೈಕಿನಲ್ಲಿ ನಾಲ್ಕು ಒಳ್ಳೆಯ ಮಾತು ಸೇರಿಸಿ ಹೇಳಿದೆ.

ಆಶಿಕನ ತಂಡ ಸೆಮಿಫೈನಲಿನಲ್ಲಿ ಸೋತಿತು. ಸೋತವನು ಸುಮ್ಮನೆ ಕೂರುವುದಿಲ್ಲ. ಬಂದು ನಮ್ಮ ಮೇಜಿನ ಪರದೆಗೆ ಕಣ್ಣು ಹಾಕಿದ. ಆಮೇಲೆ ಫೋನ್ ತೆಗೆದು ಏನೋ ಕೂಡಿಸಿದ. ಮತ್ತೆ ಪರದೆ ನೋಡಿದ. ಅವನ ಅಪ್ಪನದೂ ಅಡಿಕೆ ವ್ಯಾಪಾರ.

"ಔಸೇಪಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ನಮ್ಮನ್ನೆಲ್ಲ ಗೋಣಿ ಕಳೆದು ತೂಗಿದ್ದೀರಾ?"

ಔಸೇಪ ಪರದೆಯ ಹತ್ತಿರ ಬಾಗಿದ. ಅಡಿಕೆಯನ್ನು ಗೋಣಿಚೀಲ ಸಮೇತ ತೂಗಿ, ಚೀಲಕ್ಕೆಂದು ಒಂದು ಕೆ.ಜಿ. ಕಳೆಯುವುದು ವ್ಯಾಪಾರದ ಕ್ರಮ. ಆ ಕಳೆಯುವ ಲೆಕ್ಕ ಶೀಟಿನ ಒಳಗೇ ಕೂತಿತ್ತು. ಅವನು ಹೆಸರು ಬದಲಾಯಿಸಿದ್ದ, ತೂಕ ಬದಲಾಯಿಸಿದ್ದ, ಗೋಣಿಯನ್ನು ಮರೆತಿದ್ದ. ಒಬ್ಬೊಬ್ಬ ಎಳೆಗಾರನ ಮೈಯಿಂದಲೂ ಒಂದೊಂದು ಗೋಣಿ ಇಳಿದಿತ್ತು.

ಸುದ್ದಿ ಹಗ್ಗಕ್ಕಿಂತ ವೇಗವಾಗಿ ಮೈದಾನದ ಆ ತುದಿಗೆ ತಲುಪಿತು. ಎಳೆಗಾರರು ಒಬ್ಬರನ್ನೊಬ್ಬರು ನೋಡಿ, "ಹೋ, ನಿನ್ನ ಗೋಣಿ ಎಲ್ಲಿಟ್ಟೆ ಮಾರಾಯ?" ಎಂದು ಕೂಗತೊಡಗಿದರು. ಗೆದ್ದ ತಂಡದವರು ಮಾತ್ರ ನಗಲಿಲ್ಲ. ರೂಪೇಶ್ ಬೆವರು ಒರೆಸಿಕೊಳ್ಳುತ್ತ ಮೇಜಿಗೆ ಬಂದ.

"ಔಸೇಪಣ್ಣ, ಒಂದು ಕೆಲಸ ಮಾಡುವ," ಎಂದು ತಗ್ಗಿದ ದನಿಯಲ್ಲಿ ಹೇಳಿದ. "ಲಿನಕ್ಸಿನಿಂದ ಆದ ತೊಂದರೆ ಅಂತ ಮಾಷ್ಟ್ರು ಮೈಕಿನಲ್ಲಿ ಹೇಳಲಿ. ನೀವು ಒಂದು ಬೇರೆ ಲ್ಯಾಪ್‌ಟಾಪ್ ತೆಗೊಳ್ಳಿ. ನಿಮ್ಮ ಮೇಜು ನಿಮಗೇ. ವಿಷಯ ಮುಗೀತು."

ಕೆಟ್ಟ ಉದ್ದೇಶದ ಮಾತಲ್ಲ ಅದು. ಅವನನ್ನು ಉಳಿಸಲೆಂದೇ ಹೇಳಿದ್ದು. ಔಸೇಪ ನನ್ನ ಕೈಯಿಂದ ಮೈಕ್ ತೆಗೆದುಕೊಂಡ. ಅಷ್ಟು ವರ್ಷಗಳಲ್ಲಿ ಅವನು ಮೈಕ್ ಮುಟ್ಟಿದ್ದು ಅದೊಂದೇ ಸಲ.

"ಎಲ್ಲರೂ ಕೇಳಿ. ತಪ್ಪು ಕಂಪ್ಯೂಟರಿನದ್ದಲ್ಲ, ಲಿನಕ್ಸಿನದ್ದಲ್ಲ. ಅದಕ್ಕೆ ಮನುಷ್ಯ ಯಾವುದು, ಗೋಣಿ ಯಾವುದು ಅಂತ ಗೊತ್ತಿಲ್ಲ. ನನಗೆ ಗೊತ್ತಿರಬೇಕಿತ್ತು. ನಾನು ಅಡಿಕೆ ಶೀಟಿನಲ್ಲಿ ನಿಮ್ಮನ್ನು ತೂಗಿದ್ದೇನೆ. ಮತ್ತೊಮ್ಮೆ ತೂಗುವ, ಬನ್ನಿ."

ತೂಗಿದಾಗ ಒಂದೇ ಒಂದು ತಂಡವೂ ಮಿತಿಯೊಳಗೆ ಇರಲಿಲ್ಲ. ಎಲ್ಲ ತಂಡಗಳೂ ಗೋಣಿಯ ಪ್ರಯೋಜನ ಪಡೆದಿದ್ದವು, ಸೋತ ಆಶಿಕನ ತಂಡವೂ ಸೇರಿ. ತೀರ್ಪುಗಾರರು ತಲೆ ಕೆರೆದುಕೊಂಡು, ಎಲ್ಲರಿಗೂ ಒಂದೇ ಗೋಣಿ ಕಳೆದಿರುವುದರಿಂದ ಫಲಿತಾಂಶ ಬದಲಾಗುವುದಿಲ್ಲವೆಂದು ಸಾರಿದರು. ಮೈದಾನ ಚಪ್ಪಾಳೆ ತಟ್ಟಿತು. ಆದರೆ ರೂಪೇಶ್ ಕಾರ್ಯದರ್ಶಿ. ಹೊರಡುವ ಮೊದಲು ಔಸೇಪನ ಹತ್ತಿರ ಬಂದು, "ಸುಬ್ರಹ್ಮಣ್ಯದಲ್ಲಿ ಕೂಟದ ಮೀಟಿಂಗ್ ಉಂಟು. ನಮ್ಮ ಫೈಲೇ ನಿಮ್ಮ ಮೆಷಿನಿನಲ್ಲಿ ಸರಿಯಾಗಿ ಓಡುದನ್ನು ಅಲ್ಲಿ ತೋರಿಸಿ. ಆಗದಿದ್ದರೆ ಮುಂದಿನ ಪಂದ್ಯಕ್ಕೆ ಬೇರೆಯವರನ್ನು ಕೂರಿಸಬೇಕಾಗ್ತದೆ, ಬೇಜಾರು ಮಾಡಬೇಡಿ," ಎಂದ.

ಮುಂದಿನ ಪಂದ್ಯ ಇಚಿಲಂಪಾಡಿಯಲ್ಲಿ. ಔಸೇಪನ ಮನೆಯಿಂದ ಹಗ್ಗದ ಕೂಗು ಕೇಳುವಷ್ಟು ಹತ್ತಿರ.

ಆ ವಾರಗಳಲ್ಲಿ ಅವನು ಬಹಳ ಸಲ ಪುತ್ತೂರಿಗೆ ಹೋದ. ರವೂಫನಿಗೆ ಪ್ರತಿ ಸಲ ಒಂದು ಹಲಸಿನ ಹಪ್ಪಳದ ಕಟ್ಟು. ರವೂಫ್ ಗುಂಡಿಯ ಒಳಗಿನ ಬರಹ ನೋಡಿ, ಅದನ್ನು ಲಿನಕ್ಸಿನಲ್ಲಿ ಓಡಿಸುವ ಹಟ ಬಿಟ್ಟುಬಿಡಿ ಎಂದ. ಹಸಿರು, ಕೆಂಪು ಬರಲು ಗುಂಡಿಯೇ ಬೇಕಾಗಿರಲಿಲ್ಲ. ಮೊತ್ತ ಮಿತಿ ಮೀರಿದರೆ ಆ ಚೌಕ ತಾನಾಗಿ ಕೆಂಪಾಗುವಂತೆ ಹೇಳಿಟ್ಟರೆ ಎಕ್ಸೆಲಿನಲ್ಲೂ ಆಗುತ್ತದೆ, ಲಿಬ್ರೆ ಆಫೀಸಿನಲ್ಲೂ ಆಗುತ್ತದೆ. ಔಸೇಪ ಅದನ್ನು ಕಲಿತ. ಮನೆಯಲ್ಲಿ ಲಾಲಿಯನ್ನೂ ಅಂಗಡಿಗೆ ಬಂದವರನ್ನೂ ಮೆಷಿನ್ ಹತ್ತಿಸಿ ಪರೀಕ್ಷೆ ಮಾಡಿದ. ತನ್ನ ತೂಕ ಊರಿಗೆಲ್ಲ ಕಾಣುವ ಕಡತಕ್ಕೆ ಹೋಯಿತೆಂದು ಲಾಲಿ ಎರಡು ದಿನ ಮಾತು ಬಿಟ್ಟಳು.

ಸುಬ್ರಹ್ಮಣ್ಯದ ಮೀಟಿಂಗ್ ನಡೆದದ್ದು ಒಂದು ಲಾಡ್ಜಿನ ಊಟದ ಹಾಲ್‌ನಲ್ಲಿ. ಪಕ್ಕದಲ್ಲಿ ಯಾತ್ರಿಕರು ಬಟ್ಟೆ ಒಣಗಿಸುತ್ತಿದ್ದರು. ಔಸೇಪ ರಬ್ಬರ್ ಶೀಟ್ ಹಾಸಿದ ಕೂಡಲೇ ಹತ್ತಿರ ಕೂತವರು ಕುರ್ಚಿ ಸರಿಸಿದರು. ಅವನು ಕೂಟದ ಫೈಲ್ ತೆರೆದು, ಗುಂಡಿ ತೆಗೆದು ತಾನು ಮಾಡಿದ್ದನ್ನು ತೋರಿಸಿದ. ಒಂದು ತಂಡದ ತೂಕ ಬರೆದ, ಚೌಕ ಹಸಿರು. ಒಬ್ಬನಿಗೆ ಸ್ವಲ್ಪ ಹೆಚ್ಚಿಸಿದ, ಕೆಂಪು. ಆಮೇಲೆ ಕಪ್ಪು ಕಿಟಕಿ ತೆರೆದು, ತುಟಿ ಅಲುಗಿಸುತ್ತ ಸಾಲು ಟೈಪ್ ಮಾಡಿದ. ಹಾಲ್‌ನ ಆ ತುದಿಯಲ್ಲಿದ್ದ ರೂಪೇಶನ ಫೋನಿನಲ್ಲಿ ಫೈಲ್ ಬದಲಾಯಿತು.

"ನನ್ನ ಗುಂಡಿ ಎಂತ ಮಾಡಿತ್ತು ನಿಮಗೆ?" ಎಂದ ರೂಪೇಶ್, ಸ್ವಲ್ಪ ನೊಂದು.

"ನಿಮ್ಮ ಫೋನಿನಲ್ಲಿ ಅದು ಓಡ್ತಿತ್ತಾ?"

ರೂಪೇಶ್ ತಡವರಿಸಿದ. "ಓಡ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ." ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಪರದೆಯನ್ನು ಹತ್ತಿರದಿಂದ ನೋಡಿ ಹುಬ್ಬು ಗಂಟು ಹಾಕಿದ. "ಇದೆಂತ ಇದು? ತೂಕದ ಪಕ್ಕದಲ್ಲಿ 'ಗೋಣಿ' ಅಂತ ಒಂದು ಕಾಲಂ? ಎಲ್ಲರಿಗೂ ಸೊನ್ನೆ ಬರೆದಿದ್ದೀರಿ?"

"ಇರಲಿ ಅದು."

"ಅದರಿಂದ ಲೆಕ್ಕಕ್ಕೆ ಎಂತ ಆಗ್ತದೆ?"

"ಲೆಕ್ಕಕ್ಕೆ ಎಂತದೂ ಆಗುದಿಲ್ಲ. ನನಗೆ ಆಗ್ತದೆ. ಪ್ರತಿ ಮನುಷ್ಯನಿಗೆ ಒಂದು ಸೊನ್ನೆ ಹಾಕುವಾಗ ಇವ ಚೀಲ ಅಲ್ಲ ಅಂತ ನೆನಪಾಗ್ತದೆ."

ರೂಪೇಶ್ ಫೋನನ್ನು ಜೇಬಿಗೆ ಹಾಕಿದ. "ಆಯಿತು. ಇಚಿಲಂಪಾಡಿ ಮೇಜು ನಿಮ್ಮದೇ," ಎಂದ.

ಬರುವಾಗ ಬಸ್ಸಿನಲ್ಲಿ ಔಸೇಪ ಕಿಟಕಿಯ ಬದಿ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಅಪ್ಪಿಕೊಂಡಿದ್ದ. ಕಡಬ ಬರುವವರೆಗೂ ಪಂದ್ಯದ ದಿನದ ವಿಷಯವೇ. ಮೇಜನ್ನು ಎಲ್ಲಿಡುವುದು, ಬಿಸಿಲು ಪರದೆಗೆ ಬೀಳದಂತೆ ಯಾವ ಕಡೆ ತಿರುಗಿಸುವುದು, ಹಗ್ಗ ಎಷ್ಟು ಹತ್ತಿರ ಕಾಣಬೇಕು. ನಾನು ಅರ್ಧ ನಿದ್ದೆಯಲ್ಲಿ ಹೂಂಗುಟ್ಟಿದೆ. ಈಗ ಅನ್ನಿಸುತ್ತದೆ, ಎಚ್ಚರವಿದ್ದು ಕೇಳಬೇಕಿತ್ತು. ಆದರೆ ಅವನು ನಾಳೆಯೂ ಅದನ್ನೇ ಹೇಳುವವನಾಗಿದ್ದ. ಹಾಗೆಂದು ನಾನು ತಿಳಿದದ್ದು ತಪ್ಪೂ ಅಲ್ಲ.

ಅದರ ಮುಂದಿನ ವಾರ, ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ತೂಕಕ್ಕೆಂದು ಬಂದ ಒಬ್ಬರು ಸ್ವಲ್ಪ ಹೊತ್ತು ಕಾದು, ಎಬ್ಬಿಸಲು ನೋಡಿ, ಲಾಲಿಯನ್ನು ಕೂಗಿದರಂತೆ. ನಾನು ತಲುಪುವಾಗ ಜಿಂಸಿ ಬಂದಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು, ಪರದೆ ಕಪ್ಪಾಗಿತ್ತು. ನಾನು ಅದನ್ನು ಮುಚ್ಚಿದೆ. ಮಾಡಲು ಬೇರೆ ಏನೂ ತೋಚಲಿಲ್ಲ.

ಹಗ್ಗ ಎಳೆಯುವವರು ಮೂರೂ ತಾಲೂಕುಗಳಿಂದ ಬಂದಿದ್ದರು. ಪೆಟ್ಟಿಗೆ ಹೊತ್ತದ್ದೂ ಅವರೇ. ಗುಡ್ಡೆಯ ಏರಿನಲ್ಲಿ ಅಭ್ಯಾಸಬಲದಿಂದ ಎಂಟೂ ಜನರ ಹೆಜ್ಜೆ ಒಂದೇ ಸಲ ಬೀಳುತ್ತಿತ್ತು. ಆ ಪಾಗಾರಕ್ಕೆ ತಾಗಿದ ಜಾಗದಲ್ಲೇ ಅವನನ್ನು ಮಣ್ಣು ಮಾಡಿದರು.

ಇಚಿಲಂಪಾಡಿಯ ಪಂದ್ಯವನ್ನು ಆ ವರ್ಷ ಬಿಟ್ಟುಬಿಡುವ ಮಾತು ಬಂತು. ರೂಪೇಶ್ ಮತ್ತು ನಾನು ಲಾಲಿಯ ಹತ್ತಿರ ಹೋಗಿ ಹಾಗೆಂದೆವು. ಲಾಲಿಗೆ ಸಿಟ್ಟು ಬಂತು.

"ಮೇಜು ಬೇಕು ಅಂತ ಅವರು ಎಷ್ಟು ಒದ್ದಾಡಿದರು, ನೀವು ನೋಡ್ಲಿಲ್ವಾ? ನನ್ನ ತೂಕ ಲೋಕಕ್ಕೆಲ್ಲ ಹೇಳಿದರು. ಈಗ ಪಂದ್ಯವೇ ಬೇಡ ಅಂದರೆ ನನ್ನ ಮರ್ಯಾದಿ ಹೋದದ್ದು ಯಾವುದಕ್ಕೆ? ಹಿಂದೆ ಹಾಕಿ, ನಿಲ್ಲಿಸಬೇಡಿ."

ಒಂದು ತಿಂಗಳು ಹಿಂದೆ ಹಾಕಿದೆವು. ಪಂದ್ಯ ಹತ್ತಿರ ಬಂದಾಗ ರೂಪೇಶ್ ಫೋನ್ ಮಾಡಿದ. ಇಚಿಲಂಪಾಡಿಗೆ ಹೆಸರು ಕೊಟ್ಟ ತಂಡಗಳನ್ನು ಔಸೇಪಣ್ಣ ಫೈಲಿಗೆ ಹಾಕಿದ್ದೇನೆಂದು ಹೇಳಿದ್ದರು. ಒನ್‌ಡ್ರೈವಿನಲ್ಲಿ ಅದು ಕಾಣುತ್ತಿಲ್ಲ ಎಂದ. ನನಗೆ ತಕ್ಷಣ ತಿಳಿಯಿತು. ಬರೆದಿದ್ದಾನೆ, ಗುಡ್ಡೆ ಹತ್ತಿ ಕಳಿಸಲು ಅವನಿಗೆ ಸಂಜೆಯಾಗಲಿಲ್ಲ.

ಲಾಲಿ ಮತ್ತು ನಾನು ಲ್ಯಾಪ್‌ಟಾಪ್ ಹಿಡಿದು ಗುಡ್ಡೆಗೆ ಹೋದೆವು. ಹೂ ಒಣಗಿ, ಮಣ್ಣು ಸ್ವಲ್ಪ ತಗ್ಗಿತ್ತು. ಪಾಗಾರದ ಮೇಲೆ ಲಾಲಿಯೇ ರಬ್ಬರ್ ಶೀಟ್ ಹಾಸಿದಳು. ಪಾಸ್‌ವರ್ಡ್ ಕೇಳಿದಾಗ ನಾನು ಅವಳ ಮುಖ ನೋಡಿದೆ.

"ನನ್ನ ಹೆಸರೇ," ಎಂದಳು. "ಬೇರೆ ಯಾರದ್ದಾದರೂ ಹಾಕಿದ್ದರೆ ಅಂದೇ ಲ್ಯಾಪ್‌ಟಾಪ್ ಹೊಗೆಗೂಡಿನಲ್ಲಿ ಇರ್ತಿತ್ತು."

ಅವಳ ಫೋನಿನಿಂದ ನೆಟ್ ಕೊಟ್ಟೆವು. ನಾನು ಕಪ್ಪು ಕಿಟಕಿ ತೆರೆದೆ. ಕಂಪ್ಯೂಟರಿನ ಕೆಲಸ ನನಗೆ ಬರುವುದಿಲ್ಲ. ಆ ಒಂದು ಸಾಲು ಮಾತ್ರ ಕೇಳಿ ಕೇಳಿ ಬಾಯಿಗೆ ಬಂದಿತ್ತು. ಒನ್‌ಡ್ರೈವ್. ಜಾಗ ಬಿಡು. ಎರಡು ಗೆರೆ. ಸಿಂಕ್. ಅಕ್ಷರಗಳು ಒಂದರ ಕೆಳಗೊಂದು ಓಡಿದವು, ನಿಂತವು. ಸ್ವಲ್ಪ ಹೊತ್ತಿನಲ್ಲಿ ರೂಪೇಶನ ಫೋನ್ ಬಂತು.

"ಮಾಷ್ಟ್ರೆ... ಬಂತು. ಬದಲಾಯಿಸಿದವರು ಔಸೇಪ್ ಅಂತ ತೋರಿಸ್ತಾ ಉಂಟು. ಈಗ, ಈಗಷ್ಟೇ ಅಂತ."

ಲಾಲಿ ಫೋನಿನಲ್ಲಿ ರೇಂಜಿನ ಗೆರೆಗಳನ್ನು ನೋಡುತ್ತಿದ್ದಳು. ಎಲ್ಲ ಗೆರೆಗಳೂ ತುಂಬಿದ್ದವು. ತಿರುಗಿ ಮಣ್ಣಿನ ಕಡೆ, "ನಿಮಗೆ ಇನ್ನು ಇಲ್ಲಿಗೆ ಹತ್ತಿ ಬರುವ ಕೆಲಸ ಇಲ್ಲ ನೋಡಿ," ಎಂದಳು. ಹಾಗೆಂದು ನಕ್ಕಳು, ಆಮೇಲೆ ಬಹಳ ಹೊತ್ತು ಅತ್ತಳು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ನಿಂತಿದ್ದೆ.

ಪಂದ್ಯದ ದಿನ ರೂಪೇಶ್ ಎಚ್ಚರಿಕೆಗೆಂದು ತನ್ನ ಲ್ಯಾಪ್‌ಟಾಪನ್ನೂ, ತೂಕ ಬರೆಯಲು ಸುಳ್ಯದಿಂದ ಒಬ್ಬರನ್ನೂ ಕರೆತಂದಿದ್ದ. ಅವರು ಕೂರುವ ಮೊದಲೇ ಲಾಲಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ಮೇಜನ್ನು ಹಗ್ಗದ ಕಡೆಗೆ ಸ್ವಲ್ಪ ಎಳೆದು, ಬಿಸಿಲು ಬೀಳದಂತೆ ತಿರುಗಿಸಿ, ರಬ್ಬರ್ ಶೀಟ್ ಹಾಸಿ ಔಸೇಪನ ಲ್ಯಾಪ್‌ಟಾಪ್ ತೆರೆದಿಟ್ಟಳು. ಅಂಗಡಿಯಲ್ಲಿ ಚೀಲದ ತೂಕ ಬರೆಯುತ್ತಿದ್ದದ್ದು ಯಾವಾಗಲೂ ಅವಳೇ ಎಂಬುದು ನನಗೆ ಆಗ ನೆನಪಾಯಿತು. ರೂಪೇಶ್ ಬಾಗಿ ಪರದೆ ನೋಡಿದ.

"ನಿಮ್ಮ ಫೈಲೇ, ನೋಡಿ," ಎಂದಳು ಲಾಲಿ. "ಹೆದರಬೇಡಿ."

ರೂಪೇಶ್ ತಾನು ತಂದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. ಸುಳ್ಯದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಿಸಿದ.

ಮೊದಲು ಬಂದದ್ದು ಆಶಿಕನ ತಂಡ. ಆಶಿಕ್ ಸರ, ಉಂಗುರ ಬಿಚ್ಚಿ ಮೆಷಿನ್ ಹತ್ತಿ ನೇರ ನಿಂತ. ಯಾರೂ ಮದುವೆ ಊಟದ ವಿಷಯ ಕೇಳಲಿಲ್ಲ. ಅವನು ಅದಕ್ಕೇ ಕಾಯುತ್ತಿದ್ದನೆಂದು ಕಾಣುತ್ತದೆ. ಕೊನೆಗೆ ತಾನೇ ಕೇಳಿದ.

"ಲಾಲಿ ಅಕ್ಕ, ಗೋಣಿ?"

ಲಾಲಿ ತೂಕ ಬರೆದಳು. ಪಕ್ಕದ ಚೌಕಕ್ಕೆ ಹೋಗಿ ಒಂದೇ ಬೆರಳಿನಲ್ಲಿ ಒತ್ತಿದಳು.

"ಸೊನ್ನೆ. ಇಳಿ, ಕೈ ತಾ."

ಅವನ ಮುಂಗೈಗೆ ನೀಲಿ ಮೊಹರು ಬಿತ್ತು. ನಾನು ಮೈಕ್ ಆನ್ ಮಾಡಿ ಮುಂದಿನ ಹೆಸರು ಕರೆದೆ.